ಪರೀಕ್ಷೆಯಲ್ಲಿ ಬಾರದ ಪ್ರಶ್ನೆಗಳು

ಪ್ರಶ್ನೆಗಳಲ್ಲಿ ಎರಡು ಜಾತಿ. ಪರೀಕ್ಷೆಯಲ್ಲಿ ಬರುವಂಥವು ಒಂದು, ಬಾರದಂಥವು ಇನ್ನೊಂದು. ಮೊದಲನೆಯ ಜಾತಿಯವಕ್ಕೆ ಉತ್ತರವು ಎಲ್ಲಿದೆಯೆಂಬುದು ನಮಗೆಲ್ಲರಿಗೂ ಗೊತ್ತು. ಹಿರಿಯ ವಿದ್ಯಾರ್ಥಿಗಳಿಂದ ನಮ್ಮ ಕೈಗೆ ಬಂದು, ನಮ್ಮಿಂದ ಕಿರಿಯರ ಕೈಗೆ ಹೋಗುವ ನೋಟ್ಸುಗಳಲ್ಲಿ ಅದು ಭದ್ರವಾಗಿದೆ. ಎರಡನೆಯ ಜಾತಿಯವು ಪಾಪ, ಅನಾಥ ಶಿಶುಗಳು. ತರಗತಿಯಲ್ಲಿ ಅವುಗಳನ್ನು ಎತ್ತಿದರೆ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತದೆ, ಮನೆಯಲ್ಲಿ ಎತ್ತಿದರೆ "ನಿನಗೆ ಬೇರೆ ಕೆಲಸವಿಲ್ಲವೇ?" ಎಂಬ ಮರುಪ್ರಶ್ನೆ ಬರುತ್ತದೆ. ಆ ಗುಡ್ಡಕ್ಕೆ ಆ ಹೆಸರು ಏಕೆ ಬಂತು? ಅಜ್ಜಿಯ ಬೈಗುಳದಲ್ಲಿ ಬರುವ ಮನುಷ್ಯನು ನಿಜವಾಗಿ ಬದುಕಿದ್ದನೇ? ಬಸದಿಯ ಕಲ್ಲಿನಲ್ಲಿ ಆ ವಿಚಿತ್ರ ಪ್ರಾಣಿ ಏಕಿದೆ? ಇಂತಹ ಪ್ರಶ್ನೆಗಳಿಗೆ ಅಂಕಗಳಿಲ್ಲ. ಅಂಕಗಳಿಲ್ಲದ ಮೇಲೆ ಬೆಲೆಯೂ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಈ ತೀರ್ಮಾನವು ತಪ್ಪೆಂದು ಹೇಳುವುದೇ ನನ್ನ ಉದ್ದೇಶ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಪ್ರಶ್ನೆಯನ್ನು ಕೇಳದಿರುವುದು ಎಷ್ಟು ದೊಡ್ಡ ತಪ್ಪೋ, ಕೈಗೆ ಸಿಕ್ಕಿದ ಮೊದಲನೆಯ ಉತ್ತರವನ್ನು ನಂಬಿ ಸುಮ್ಮನಾಗುವುದೂ ಅಷ್ಟೇ ದೊಡ್ಡ ತಪ್ಪು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಸ್ವಂತ ತಪ್ಪಿನಿಂದ ಕಲಿತವನು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದೇ ಲೇಸು.

ನನ್ನ ಊರು ಮಾಣಿ. ಮಂಗಳೂರಿನಿಂದ ಬರುವ ಹೆದ್ದಾರಿಯು ಬಂಟ್ವಾಳ ತಾಲೂಕಿನ ಈ ಊರಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಉಪ್ಪಿನಂಗಡಿಯನ್ನು ಹಾಯ್ದು ಶಿರಾಡಿ ಘಾಟಿಯನ್ನೇರಿ ಬೆಂಗಳೂರಿಗೆ ಹೋಗುತ್ತದೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರಿಗೆ. ಬಸ್ಸಿನಲ್ಲಿ ನಿದ್ದೆಹೋದವನು ಇಲ್ಲಿ ಎಚ್ಚರಗೊಳ್ಳದಿದ್ದರೆ ಬೇರೆಯೇ ಊರನ್ನು ಸೇರಿಬಿಟ್ಟಾನು. ನಮ್ಮ ಕಡೆಯಲ್ಲಿ ಮಾಣಿ ಎಂದರೆ ಹುಡುಗನೆಂದೂ ಅರ್ಥ. ಹೋಟೆಲಿನಲ್ಲಿ ಮೇಜು ಒರೆಸಿ ತಿಂಡಿ ತಂದುಕೊಡುವವನೂ ಮಾಣಿಯೇ. ಆದುದರಿಂದ ಕಾಲೇಜಿಗೆ ಸೇರಿದ ಮೊದಲ ದಿನವೇ ನನಗೆ ಆಗಬೇಕಾದ ಸತ್ಕಾರವು ಆಯಿತು. "ಎಲ್ಲಿಯವ ನೀನು?" ಎಂದು ಕೇಳಿದರು. "ಮಾಣಿಯವ" ಎಂದೆ. "ಯಾವ ಹೋಟೆಲಿನ ಮಾಣಿ ಮಾರಾಯ?" ಎಂದು ಬೆಂಚಿಗೆ ಬೆಂಚೇ ನಕ್ಕಿತು.

ನಕ್ಕವರಲ್ಲಿ ಒಬ್ಬನು ಮುಂದೆ ನನಗೆ ಆತ್ಮೀಯ ಮಿತ್ರನಾದನು. ಒಂದು ಸಂಜೆ ಬಸ್ಸಿಗಾಗಿ ಕಾಯುತ್ತಿದ್ದಾಗ ಅವನು ಕೇಳಿದನು: "ಅಲ್ಲ ಮಾರಾಯ, ನಿಜವಾಗಿಯೂ ನಿನ್ನ ಊರಿಗೆ ಆ ಹೆಸರು ಹೇಗೆ ಬಂತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿನ ಮಾನದ ಪ್ರಶ್ನೆಯಲ್ಲವೇ? ನಿಂತ ನಿಲುವಿನಲ್ಲೇ ಒಂದು ಕತೆಯನ್ನು ಕಟ್ಟಿದೆ. 1837ರಲ್ಲಿ ಕಲ್ಯಾಣಪ್ಪನ ದಂಡು ಇಂಗ್ಲಿಷರ ಮೇಲೆ ಏರಿ ಹೊರಟಾಗ ನಮ್ಮ ಊರಿನ ಕವಲುದಾರಿಯಲ್ಲಿ ಬಂದು ನಿಂತಿತಂತೆ. ಮಂಗಳೂರಿನ ದಾರಿ ಯಾವುದೆಂದು ತಿಳಿಯದೆ ದಂಡಿನವರು ತಬ್ಬಿಬ್ಬಾದರಂತೆ. ದನ ಮೇಯಿಸುತ್ತಿದ್ದ ಒಬ್ಬ ಮಾಣಿ ಬಂಡೆಯ ಮೇಲೆ ಹತ್ತಿ ಕೈಚಾಚಿ ದಾರಿ ತೋರಿಸಿದನಂತೆ. ಅಂದಿನಿಂದ ಆ ಸ್ಥಳವೇ ಮಾಣಿಯಾಯಿತಂತೆ! ಮಿತ್ರನು ಬೆರಗಾದನು. ಬಸ್ಸು ಬಂತು. ನಾನು ಆ ಕತೆಯನ್ನು ಮರೆತೆ.

ಆದರೆ ಕತೆಯು ನನ್ನನ್ನು ಮರೆಯಲಿಲ್ಲ. ಮಿತ್ರನು ಅದನ್ನು ಮನೆಯಲ್ಲಿ ಹೇಳಿದನು. ಮನೆಯವರಲ್ಲಿ ಯಾರೋ ಮೊಬೈಲಿನಲ್ಲಿ ಬರೆದು ಹತ್ತು ಜನರಿಗೆ ಕಳುಹಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ತಿರುಗಿ ನನ್ನ ಊರಿಗೇ ಬಂದಿತು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. "ಎಂದು ನಮ್ಮ ಹಿರಿಯರು ಹೇಳುತ್ತಿದ್ದರು" ಎಂಬ ಬಾಲವನ್ನು ಕಟ್ಟಿಕೊಂಡು ಬಂದಿತು. ನಾನು ಅದನ್ನು ಕಂಡುಹಿಡಿದದ್ದು ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ. ನಮ್ಮ ಪಕ್ಕದ ಮನೆಯ ಬಾಲಿಕೆ, ಆರನೆಯ ತರಗತಿಯವಳು, "ನನ್ನ ಊರು" ಎಂಬ ಪ್ರಬಂಧವನ್ನು ವೇದಿಕೆಯ ಮೇಲೆ ಓದಿ ಮೊದಲನೆಯ ಬಹುಮಾನವನ್ನು ಪಡೆದಳು. ಅದರಲ್ಲಿ ನನ್ನ ಮಾಣಿಯು ಬಂಡೆಯ ಮೇಲೆ ಕೈಚಾಚಿ ನಿಂತಿದ್ದನು. ಜನರು ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಮಾತ್ರ ಮೇಲೇಳಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಬಹುಮಾನದ ಪುಸ್ತಕವನ್ನು ಎದೆಗವಚಿಕೊಂಡು ಬಂದು ಕೇಳಿದಳು: "ಅಣ್ಣ, ನೀವು ಕಾಲೇಜಿನಲ್ಲಿ ಚರಿತ್ರೆ ಓದುವವರಲ್ವಾ? ಆ ಹುಡುಗನ ಹೆಸರು ಏನು?"

ವಾಚಕರೇ, ಆ ಹೊತ್ತಿನವರೆಗೆ ಯಾವ ಪರೀಕ್ಷಕರೂ ನನಗೆ ಅಷ್ಟು ಕಷ್ಟದ ಪ್ರಶ್ನೆಯನ್ನು ಕೇಳಿರಲಿಲ್ಲ. ಇನ್ನೊಂದು ಹೆಸರನ್ನು ಹುಟ್ಟಿಸಿಕೊಡುವುದು ನನಗೆ ಕಷ್ಟವಾಗಿರಲಿಲ್ಲ. ಅದೇ ನನಗೆ ಹೆದರಿಕೆಯನ್ನು ತಂದಿತು. ನಿಂತು ಸತ್ಯವನ್ನು ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು, "ಹಾಗಾದರೆ ನಿಜವಾದದ್ದು ಯಾವುದು?" ಎಂದಳು.

ಆ ರಾತ್ರಿ ನನಗೆ ನನ್ನ ಅಜ್ಜಿಯ ನೆನಪಾಯಿತು. ಏಕೆಂದರೆ ನಾನು ಕಟ್ಟಿದ ಸುಳ್ಳಿನಲ್ಲಿ ಒಂದೇ ಒಂದು ನಿಜವಿತ್ತು. ಅದು ಅಜ್ಜಿಯಿಂದ ಬಂದದ್ದು. ನಾವು ಮಕ್ಕಳು ಅಟ್ಟದ ಮೇಲೆ ಹಾರಿ ಕುಣಿದು ಗದ್ದಲವೆಬ್ಬಿಸಿದಾಗ ಅವರು ಕೆಳಗಿನಿಂದ ಕೂಗುತ್ತಿದ್ದರು: "ಎಂಥ ಇದು, ಕಲ್ಯಾಣಪ್ಪನ ಕಾಟಕಾಯಿಯಾ?" ಆ ಕಲ್ಯಾಣಪ್ಪನು ಯಾರೆಂದು ನಾನು ಒಂದು ದಿನವೂ ಕೇಳಲಿಲ್ಲ. ನಮ್ಮ ಊರಿನ ಪೋಕರಿಗಳಲ್ಲಿ ಒಬ್ಬನಿರಬೇಕೆಂದು ಭಾವಿಸಿದ್ದೆ. ಹೈಸ್ಕೂಲಿನ ಪಾಠದಲ್ಲಿ ಹೆಸರೂ ಇಸವಿಯೂ ಕಣ್ಣಿಗೆ ಬಿದ್ದಾಗಲೂ ಕೇಳಲಿಲ್ಲ. ಅಜ್ಜಿ ಎರಡು ವರ್ಷದ ಹಿಂದಿನ ಆಟಿ ತಿಂಗಳಿನಲ್ಲಿ ತೀರಿಕೊಂಡರು. ಆ ಮಾತು ಅವರಿಗೆ ಯಾರ ಬಾಯಿಂದ ಬಂದಿತ್ತು, ಅದರ ಹಿಂದೆ ಮನೆತನದ ನೆನಪು ಏನಾದರೂ ಇತ್ತೇ, ಇನ್ನು ಯಾರೂ ಹೇಳಲಾರರು. ನಿಜವಾದ ನೆನಪು ಅಜ್ಜಿಯೊಡನೆ ಚಿತೆಯನ್ನೇರಿತು. ನನ್ನ ಹುಸಿಕತೆಗೆ ಬಹುಮಾನ ಬಂತು. ಈ ಲೇಖನವನ್ನು ಬರೆಯುವಂತೆ ನನ್ನನ್ನು ಕಾಡಿದ ಸಂಗತಿ ಇದೇ.

ಮರುದಿನದಿಂದ ಲೈಬ್ರರಿಯಲ್ಲಿ ಹುಡುಕಲಾರಂಭಿಸಿದೆ. ಕಲ್ಯಾಣಪ್ಪನು ಪೋಕರಿಯಾಗಿರಲಿಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿದರು. ಅದುವರೆಗೆ ಕೊಡಗಿಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಕೂಡಿಸಿದರು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ಕಂದಾಯವನ್ನು ಅಳೆದುಕೊಡುತ್ತಿದ್ದ ರೈತನು ಈಗ ರೊಕ್ಕವನ್ನು ಎಣಿಸಿಕೊಡಬೇಕಾಯಿತು. ಭತ್ತವಿದ್ದವನ ಬಳಿ ರೊಕ್ಕವಿರಬೇಕೆಂದಿಲ್ಲವಷ್ಟೆ! ರೊಕ್ಕಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕು. ಮೇಲಾಗಿ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವು ಸರಕಾರದ ಕೈಯಲ್ಲಿತ್ತು. ಗಂಜಿಗೆ ಹಾಕುವ ಉಪ್ಪು, ದಣಿದವನು ಬಾಯಿಗೆ ಹಾಕುವ ಹೊಗೆಸೊಪ್ಪು: ಬಡವನಿಗೆ ಬೇಕಾದ ಇವೆರಡಕ್ಕೂ ಕಂಪನಿಯು ಕೈಯಿಟ್ಟಿತು.

ಅಲ್ಲಿಂದ ದಂಗೆಯೆದ್ದಿತು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮುಂತಾದವರು ಅದರ ಮುಂದಾಳುಗಳು. ಕೊಡಗಿನ ಅರಸುಮನೆತನದ ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿ ಪುಟ್ಟಬಸಪ್ಪನೆಂಬವನು ದಂಡಿನ ಮುಂದೆ ನಿಂತನು. 1837ರ ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆ ದಂಗೆಯವರ ವಶವಾಯಿತು. ಪುತ್ತೂರು, ಪಾಣೆಮಂಗಳೂರುಗಳ ಮಾರ್ಗವಾಗಿ ಮುನ್ನಡೆದು ಏಪ್ರಿಲ್ 5ರಂದು ಅವರು ಮಂಗಳೂರನ್ನು ಹಿಡಿದರು. ದಾರಿಯಲ್ಲಿ ನಂದಾವರದ ಬಂಗರಸನೂ ಅವರನ್ನು ಕೂಡಿಕೊಂಡನು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಕಡಲ ಮಾರ್ಗದಿಂದ ಕಂಪನಿಯ ಹೆಚ್ಚಿನ ಸೈನ್ಯವು ಬಂದಿಳಿದ ಮೇಲೆ ದಂಗೆಯು ಅಡಗಿತು. ಕಲ್ಯಾಣಪ್ಪನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯಗೌಡನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ನಾವು ಬಾಯಿಪಾಠ ಮಾಡುವ 1857ಕ್ಕೆ ಇನ್ನೂ ಇಪ್ಪತ್ತು ವರ್ಷಗಳಿದ್ದವು! ಮಂಗಳೂರಿನ ಬಾವುಟಗುಡ್ಡೆಗೆ ಆ ಹೆಸರು ಬಂದದ್ದು ದಂಗೆಯವರು ಅಲ್ಲಿ ತಮ್ಮ ಬಾವುಟವನ್ನು ಏರಿಸಿದ್ದರಿಂದ ಎಂಬ ಮಾತು ಜನಜನಿತವಾಗಿದೆ. 2022ರಲ್ಲಿ ಅದೇ ಗುಡ್ಡೆಯ ಮೇಲೆ ರಾಮಯ್ಯಗೌಡನ ಕಂಚಿನ ಪ್ರತಿಮೆ ನಿಂತಿತು. ನಿರಂಜನರು ಈ ವಸ್ತುವನ್ನು ಎತ್ತಿಕೊಂಡು "ಕಲ್ಯಾಣಸ್ವಾಮಿ" ಎಂಬ ಕಾದಂಬರಿಯನ್ನೇ ಬರೆದಿದ್ದಾರೆ.

ಈಗ ಅಜ್ಜಿಯ ಮಾತಿಗೆ ಹಿಂತಿರುಗಿ ನೋಡಿರಿ. "ಕಾಟಕಾಯಿ" ಎನ್ನುವಾಗ ಕಿವಿಗೆ ಬೀಳುವುದು "ಕಾಟ". ಕಂದಾಯದ ಭಾರಕ್ಕೆ ಸಿಡಿದೆದ್ದ ರೈತರ ಹೋರಾಟವು ಅವರ ಮೊಮ್ಮಕ್ಕಳ ನಾಲಗೆಯ ಮೇಲೆ ಗದ್ದಲ, ದೊಂಬಿ, ಪುಂಡಾಟವಾಗಿ ಉಳಿದಿದೆ. ಗೆದ್ದವನು ಊರನ್ನು ಮಾತ್ರ ಗೆಲ್ಲುವುದಿಲ್ಲ; ಮಾತನ್ನೂ ಗೆಲ್ಲುತ್ತಾನೆ. ನಾನು ಮೂರು ವರ್ಷ ಚರಿತ್ರೆಯ ಪಾಠವನ್ನು ಕೇಳಿಯೂ ತಿಳಿಯದ ಈ ತತ್ತ್ವವು ಅಜ್ಜಿಯ ಬೈಗುಳದಲ್ಲಿ ಅಡಗಿತ್ತು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯು ಕ್ಷುಲ್ಲಕವಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬೇಕೆನ್ನುವವರನ್ನು ಮೂಡುಬಿದಿರೆಗೆ ಕರೆದೊಯ್ಯುತ್ತೇನೆ. ಕಳೆದ ವರ್ಷ ನಾವು ಕೆಲವರು ಮಿತ್ರರು ಸಾವಿರ ಕಂಬದ ಬಸದಿಗೆ ಹೋಗಿದ್ದೆವು. 1430ರಲ್ಲಿ ಕಟ್ಟಿದ ಈ ಬಸದಿಗೆ ತ್ರಿಭುವನ ತಿಲಕ ಚೂಡಾಮಣಿ ಎಂಬುದು ಶಾಸ್ತ್ರೋಕ್ತವಾದ ಹೆಸರು. ಎಲ್ಲರೂ ಕಂಬಗಳನ್ನು ಎಣಿಸುವವರೇ! ಎಣಿಸಲಾರದೆ ದಣಿದು ಕುಳಿತ ಒಬ್ಬನ ಕಣ್ಣಿಗೆ ಭೈರಾದೇವಿ ಮಂಟಪದ ತಳಭಾಗದ ಕಲ್ಲಿನಲ್ಲಿ ಕೊರೆದ ಒಂದು ಪ್ರಾಣಿ ಬಿತ್ತು. ನೀಳವಾದ ಕುತ್ತಿಗೆ, ಉದ್ದವಾದ ಕಾಲು. "ಕುದುರೆಯೇ ಇರಬೇಕು, ಶಿಲ್ಪಿಗೆ ಕುತ್ತಿಗೆಯ ಲೆಕ್ಕ ತಪ್ಪಿದೆ" ಎಂದು ಒಬ್ಬನು. "ಒಂಟೆ, ಡುಬ್ಬವನ್ನು ಕೆತ್ತಲು ಜಾಗ ಸಾಲಲಿಲ್ಲ" ಎಂದು ಇನ್ನೊಬ್ಬನು. ಅದು ಜಿರಾಫೆ! ಬಲ್ಲವರು ಬಹುಕಾಲದಿಂದ ಗುರುತಿಸಿರುವ ಜಿರಾಫೆ. ಅದರ ಜೊತೆಯಲ್ಲಿಯೇ ಚೀನೀಯರ ಡ್ರ್ಯಾಗನ್ನನ್ನು ಹೋಲುವ ಕೆತ್ತನೆಯೂ ಇದೆ.

ಜಿರಾಫೆಯು ಆಫ್ರಿಕಾ ಖಂಡವನ್ನುಳಿದು ಬೇರೆಲ್ಲಿಯೂ ಕಾಡಿನಲ್ಲಿ ಬದುಕುವ ಪ್ರಾಣಿಯಲ್ಲ. ಮೃಗಾಲಯವೂ ಇಲ್ಲದ, ಚಿತ್ರಪುಸ್ತಕವೂ ಇಲ್ಲದ ಆ ಕಾಲದಲ್ಲಿ ಅದು ಮೂಡುಬಿದಿರೆಯ ಕಲ್ಲನ್ನು ಹೇಗೆ ಏರಿತು? ಇದಕ್ಕೆ ಉತ್ತರವನ್ನು ಹುಡುಕಹೊರಟವನು ತಾನಾಗಿಯೇ ಕಡಲಿಗೆ ಬಂದು ನಿಲ್ಲುತ್ತಾನೆ. 15ನೆಯ ಶತಮಾನದ ಆ ವರ್ಷಗಳು ಎಂಥವು? 1405ರಿಂದ 1433ರವರೆಗೆ ಚೀನದ ನೌಕಾಪತಿ ಝೆಂಗ್ ಹೆ ದೊಡ್ಡ ಹಡಗುಪಡೆಯೊಡನೆ ಹಿಂದೂ ಮಹಾಸಾಗರದಲ್ಲಿ ಸಂಚರಿಸುತ್ತಿದ್ದನು. ಕಲ್ಲಿಕೋಟೆಯು ಅವನ ತಂಗುದಾಣವಾಗಿತ್ತು. 1414ರಲ್ಲಿ ಬಂಗಾಳದ ಸುಲ್ತಾನನು ಚೀನದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಮರುವರ್ಷ ಆಫ್ರಿಕಾದ ಮಲಿಂದಿಯಿಂದ ಇನ್ನೊಂದು ಹೋಯಿತು. ಚೀನೀಯರು ಅದನ್ನು ತಮ್ಮ ಪುರಾಣದ ಮಂಗಳಮೃಗವೆಂದು ಕೊಂಡಾಡಿ ಅದರ ಚಿತ್ರವನ್ನು ಬರೆಯಿಸಿದರು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಇಲ್ಲಿಂದ ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಆಫ್ರಿಕಾ, ಅರಬ್ಬೀ ದೇಶ, ತುಳುನಾಡು, ಚೀನ ಒಂದೇ ಕಡಲಿನ ಅಂಗಳದಲ್ಲಿ ಅಕ್ಕಪಕ್ಕದ ಮನೆಯವರಂತೆ ವ್ಯವಹರಿಸುತ್ತಿದ್ದ ಕಾಲವದು. ಮೂಡುಬಿದಿರೆಯ ವರ್ತಕರ ಸಂಪತ್ತಿಗೆ ಮೂಲವೂ ಆ ವ್ಯಾಪಾರವೇ.

ಶಿಲ್ಪಿಯು ಜಿರಾಫೆಯನ್ನು ಕಣ್ಣಾರೆ ಕಂಡಿದ್ದನೋ, ಕಂಡವರ ಬಾಯಿಂದ ಕೇಳಿ ಕೆತ್ತಿದನೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ಕಲ್ಲು ಇಷ್ಟನ್ನು ಖಂಡಿತವಾಗಿ ಹೇಳುತ್ತದೆ: ದೂರದ ಸುದ್ದಿಯು ಇಲ್ಲಿಗೆ ಬರುತ್ತಿತ್ತು, ಬಂದ ಸುದ್ದಿಯನ್ನು ಇಲ್ಲಿಯವರು ದೇವರ ಮನೆಯ ಗೋಡೆಯ ಮೇಲೂ ಇರಿಸಿಕೊಳ್ಳುತ್ತಿದ್ದರು. "ಹೊರಗಿನದು" ಎಂದರೆ ಹೌಹಾರುವ ನಾವು ಈ ಜಿರಾಫೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇದೇ ಮಾತನ್ನು ನಮ್ಮ ಯಕ್ಷಗಾನವೂ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಆಟವನ್ನು ನೋಡದವರು ನಮ್ಮಲ್ಲಿ ವಿರಳ. ಮೂಲ್ಕಿಯ ಹೊಳೆಯಲ್ಲಿ ಹಡಗು ನಿಂತುಹೋದ ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನಿಗೆ ದೇವಿಯು ಕನಸಿನಲ್ಲಿ ಕಾಣಿಸಿಕೊಂಡಳು. ಅವನು ಗುಡಿಯನ್ನು ಕಟ್ಟಿಸಿದನು. ಅವನ ಹೆಸರಿನಿಂದಲೇ ಸ್ಥಳವು ಬಪ್ಪನಾಡಾಯಿತು ಎಂಬುದು ಕತೆ. ನಡುರಾತ್ರಿಯ ರಂಗಸ್ಥಳದಲ್ಲಿ ಬ್ಯಾರಿಯ ಪಾತ್ರವು ಪ್ರವೇಶಿಸಿದಾಗ ತೂಕಡಿಸುತ್ತಿದ್ದವರೂ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಕನಸನ್ನು ಚರಿತ್ರೆಯೆಂದು ಯಾರೂ ಸಾಧಿಸಬೇಕಾಗಿಲ್ಲ. ಆದರೆ ಕಡಲವ್ಯಾಪಾರಕ್ಕೆ ಬಂದ ಬ್ಯಾರಿಯನ್ನು ದೇವಿಯ ಕತೆಯೊಳಗೇ ಕೂರಿಸಿ ನೆನೆಯುವ ಜನರು ಇಲ್ಲಿದ್ದರೆಂಬುದು ಚರಿತ್ರೆಯೇ. ಕತೆಯು ನಡೆದದ್ದಕ್ಕೆ ಸಾಕ್ಷಿಯಾಗದಿದ್ದರೂ ನೆನೆದದ್ದಕ್ಕೆ ಸಾಕ್ಷಿಯಾಗುತ್ತದೆ. ಈ ಭೇದವನ್ನು ತಿಳಿದವನು ಐತಿಹ್ಯಗಳನ್ನು ಎಸೆಯಬೇಕಾಗಿಲ್ಲ. ಕುರುಡಾಗಿ ನಂಬಬೇಕಾಗಿಯೂ ಇಲ್ಲ.

ಇನ್ನು "ಆ ಹುಡುಗನ ಹೆಸರೇನು?" ಎಂಬ ಬಾಲಿಕೆಯ ಪ್ರಶ್ನೆಗೆ ಬರುತ್ತೇನೆ. ಚರಿತ್ರೆಯ ಮೂಲೆಯಲ್ಲಿ ನಿಂತ ಬಡವನೊಬ್ಬನ ಹೆಸರನ್ನು ಕೇಳುವುದು ಹುಚ್ಚುತನವೆಂದು ಯಾರಾದರೂ ಹೇಳಿದರೆ, ಅವರಿಗೆ ಬೊಮ್ಮನ ಸಂಗತಿಯನ್ನು ಹೇಳಬೇಕು.

ಈಜಿಪ್ಟಿನ ಹಳೆಯ ಕೈರೋದಲ್ಲಿ ಯಹೂದ್ಯರ ಒಂದು ಪ್ರಾರ್ಥನಾಮಂದಿರವಿದೆ. ದೇವರ ಹೆಸರನ್ನು ಬರೆದಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಅವರು ಹಳೆಯ ಕಾಗದಪತ್ರಗಳನ್ನೆಲ್ಲ ಒಂದು ಕೋಣೆಯೊಳಗೆ ಹಾಕುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಆ ರಾಶಿಯ ಬಹುಭಾಗವು ಇಂಗ್ಲೆಂಡಿನ ಕೇಂಬ್ರಿಜ್ ಮೊದಲಾದ ಕಡೆಗೆ ಸಾಗಿತು. ಪಂಡಿತರು ಒಂದೊಂದೇ ಚೂರನ್ನು ಬಿಡಿಸಿ ಓದಿದಾಗ ಅದರೊಳಗೆ ಮಂಗಳೂರು ಕಾಣಿಸಿತು! ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು, ಮೂಲತಃ ಟ್ಯುನೀಸಿಯಾದವನು, 1132ರ ಸುಮಾರಿಗೆ ಮಂಗಳೂರಿಗೆ ಬಂದು ನೆಲಸಿ ಸುಮಾರು ಹದಿನೇಳು ವರ್ಷ ಇಲ್ಲಿದ್ದನು. ಇಲ್ಲಿ ಲೋಹದ ಪಾತ್ರೆಗಳ ಕಮ್ಮಟವನ್ನು ನಡೆಸಿದನು. ಮೆಣಸನ್ನೂ ಅಡಿಕೆಯನ್ನೂ ಏಡನ್ನಿನ ಗೆಳೆಯರಿಗೆ ಕಳುಹಿಸಿದನು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದಗಳು ಬರುತ್ತಿದ್ದವು. ಅಶು ಎಂಬ ಈ ನಾಡಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಅವಳೊಡನೆ ಸಂಸಾರ ಹೂಡಿದನು. ಅವನಲ್ಲಿ ಒಬ್ಬ ಊಳಿಗದ ಆಳಿದ್ದನು. ಯಜಮಾನನ ವ್ಯಾಪಾರದ ಕೆಲಸಕ್ಕಾಗಿ ಕಡಲನ್ನು ದಾಟಿ ಏಡನ್ನಿಗೆ ಹೋಗಿಬಂದವನು. ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನ ಹೆಸರನ್ನು ಬರೆದರು. ಅರಬ್ಬೀ ಭಾಷೆ, ಹೀಬ್ರೂ ಲಿಪಿ. ಸ್ವರಗಳ ಗುರುತು ಸರಿಯಾಗಿಲ್ಲದ ಬರವಣಿಗೆ. ಅದನ್ನು ಹೇಗೆ ಉಚ್ಚರಿಸಬೇಕೆಂಬುದೇ ಬಗೆಹರಿಯದ ಸಮಸ್ಯೆಯಾಗಿತ್ತು.

ಬಂಗಾಳಿ ಲೇಖಕ ಅಮಿತಾವ್ ಘೋಷರು ಆ ಹೆಸರಿನ ಬೆನ್ನು ಹತ್ತಿದರು. ಅರಬ್ಬಿಯನ್ನು ಕಲಿತರು, ಹಳೆಯ ಪತ್ರಗಳನ್ನು ಓದಲು ಕಲಿತರು, ಕೊನೆಗೆ ಮಂಗಳೂರಿಗೆ ಬಂದರು. ಇಲ್ಲಿ ತುಳು ಜಾನಪದವನ್ನು ಬಲ್ಲ ಪ್ರೊಫೆಸರ್ ಬಿ. ಎ. ವಿವೇಕ ರೈಯವರ ನೆರವಿನಿಂದ ಅದು "ಬೊಮ್ಮ" ಎಂದು ಅವರಿಗೆ ತಿಳಿದುಬಂದಿತು. 1992ರಲ್ಲಿ ಪ್ರಕಟವಾದ "ಇನ್ ಆ್ಯನ್ ಆಂಟಿಕ್ ಲ್ಯಾಂಡ್" ಎಂಬ ಗ್ರಂಥದಲ್ಲಿ ಈ ಕತೆಯೆಲ್ಲ ಇದೆ. ಕೈರೋದಲ್ಲಿ ಯಾರಿಗೂ ಅರ್ಥವಾಗದ ಹೆಸರು ನಮ್ಮ ನೆಲದಲ್ಲಿ ಸಲೀಸಾಗಿ ಬಾಯಿಗೆ ಬಂತು! ಒಂಬತ್ತು ಶತಮಾನಗಳ ಹಿಂದಿನ, ಶಾಸನವಿಲ್ಲದ, ವೀರಗಲ್ಲಿಲ್ಲದ ಒಬ್ಬ ಆಳಿಗೆ ಅವನ ಹೆಸರು ಮರಳಿ ಬಂದಿತು. ರಾಜರ ಹೆಸರನ್ನು ಕಲ್ಲು ಕಾಪಾಡುತ್ತದೆ, ಬೊಮ್ಮನಂಥವರ ಹೆಸರನ್ನು ಕಾಪಾಡುವುದು ಯಾರದೋ ಪತ್ರದ ಮೂಲೆ, ಮತ್ತು ಆ ಮೂಲೆಯನ್ನು ನೋಡಿ "ಇವನಾರು?" ಎಂದು ಕೇಳಿದವನ ಹಟ. ನಾನಾಗಿದ್ದರೆ ಬಸ್‌ಸ್ಟ್ಯಾಂಡಿನಲ್ಲಿಯೇ ಒಂದು ಹೆಸರನ್ನು ಹುಟ್ಟಿಸಿ ಮುಗಿಸಿಬಿಡುತ್ತಿದ್ದೆ. ಆ ಎರಡು ದಾರಿಗಳ ಅಂತರವೇ ವಿದ್ಯೆ.

"ಇದರಿಂದ ಉದ್ಯೋಗ ಸಿಗುತ್ತದೆಯೇ?" ಎಂದು ಮಿತ್ರರು ಕೇಳುತ್ತಾರೆ. ನೇರವಾಗಿ ಸಿಗಲಾರದು. ಕಲಾವಿಭಾಗಕ್ಕೆ ಸೇರಿದ ನಮಗೆ ಈ ಪ್ರಶ್ನೆ ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ನೆಂಟರ ಜಗಲಿಯಲ್ಲಿ ನಿತ್ಯವೂ ಎದುರಾಗುವಂಥದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮಲ್ಲಿ ಬಹುಮಂದಿ ಅಡಿಕೆ ತೋಟದ ಕೂಲಿಯಿಂದಲೋ ಬೀಡಿ ಸುತ್ತಿದ ದುಡ್ಡಿನಿಂದಲೋ ಓದುತ್ತಿರುವವರು. ಆದರೆ ಯಾವ ಉದ್ಯೋಗಕ್ಕೆ ಹೋದರೂ ನಮಗೆ ದಿನವೂ ನೂರು ಮಾತುಗಳು ಬಂದು ಬೀಳುತ್ತವೆ. ಇಸವಿಯನ್ನು ತೊಟ್ಟು, "ಹಿರಿಯರು ಹೇಳುತ್ತಿದ್ದರು" ಎಂಬ ಶಾಲು ಹೊದ್ದು ಬರುತ್ತವೆ. ಇಂಥವನು ಇಂಥದನ್ನು ಕೆಡವಿದನಂತೆ, ಇಂಥವರ ಅಜ್ಜ ನಮ್ಮ ಅಜ್ಜನಿಗೆ ಹೀಗೆ ಮಾಡಿದನಂತೆ ಎಂದು ಬರುತ್ತವೆ. ಅವುಗಳಿಂದ ಜಗಳಗಳು ಏಳುತ್ತವೆ, ಅಂಗಡಿಗಳು ಮುಚ್ಚುತ್ತವೆ, ನೆರೆಯವನು ನೆರೆಯವನ ಮೋರೆಯನ್ನು ನೋಡದಂತಾಗುತ್ತದೆ. ನನ್ನ ಸುಳ್ಳು ನಿರುಪದ್ರವಿಯಾಗಿತ್ತು, ಅದು ನನ್ನ ಪುಣ್ಯ. ಆದರೆ ಅದು ಸತ್ಯದ ವೇಷವನ್ನು ಧರಿಸಲು ಮೂರೇ ತಿಂಗಳು ಸಾಕಾಯಿತು. ಉಪದ್ರವಿಯಾದ ಸುಳ್ಳಿಗೆ ಮೂರು ದಿನ ಸಾಕು. ಅದನ್ನು ತಡೆದು ನಿಲ್ಲಿಸಿ "ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸವನ್ನು ಇಂತಹ ಸಣ್ಣ ಪ್ರಶ್ನೆಗಳ ಮೂಲಕವೇ ಕಲಿಯಬೇಕು.

ಹಾಗೆಂದು ಎಲ್ಲ ಕತೆಗಳನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಬೇಕೆಂದು ನಾನು ಹೇಳುವವನಲ್ಲ. ನಮ್ಮ ಊರಿನಿಂದ ಮಂಗಳೂರಿನ ಕಡೆಗೆ ಸ್ವಲ್ಪ ಸಾಗಿದರೆ ಕಲ್ಲಡ್ಕ ಸಿಗುತ್ತದೆ. ಅಲ್ಲಿಯ ಕೆ.ಟಿ.ಯನ್ನು ಕುಡಿಯದ ಪ್ರಯಾಣಿಕನಿಲ್ಲ. ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಬೆರೆತ ಹಾಲು, ಮೇಲೆ ಕಪ್ಪನೆಯ ಚಹದ ಡಿಕಾಕ್ಷನ್. ಎರಡೂ ಬೆರೆಯದೆ ಪದರ ಪದರವಾಗಿ ನಿಂತಿರುತ್ತವೆ. ಸಕ್ಕರೆ ಕೂಡಿದ ಹಾಲು ಭಾರವಾದುದರಿಂದ ಕೆಳಗೆ ನಿಲ್ಲುತ್ತದೆ, ಮೆಲ್ಲನೆ ಹೊಯ್ದ ಡಿಕಾಕ್ಷನ್ ಮೇಲೆ ತೇಲುತ್ತದೆ. ಅವಸರದಿಂದ ಕದಡಿದವನಿಗೆ ಅದು ಬರಿಯ ಚಹ. ನಮ್ಮ ಊರುಗಳ ವಿಷಯವನ್ನೂ ಹೀಗೆಯೇ ಇರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ. ದಾಖಲೆಯಿಂದ ತಿಳಿದದ್ದು ಭಾರವಾದದ್ದು, ಕೆಳಗಿರಲಿ. ಜನರು ಹೇಳುವುದು ಹಗುರವಾದದ್ದು, ಮೇಲಿರಲಿ. ರುಚಿಗೆ ಎರಡೂ ಬೇಕು. ಯಾವುದು ಯಾವುದೆಂಬುದು ಲೋಟವನ್ನು ಹಿಡಿದವನಿಗೆ ಕಾಣುತ್ತಿರಬೇಕು, ಅಷ್ಟೆ.

ಇದನ್ನು ಕಾರ್ಯರೂಪಕ್ಕೆ ತರಲು ದೊಡ್ಡ ಯೋಜನೆಯೂ ಬೇಡ, ಹಣವೂ ಬೇಡ. ನಮ್ಮ ಲೈಬ್ರರಿಯ ಬಾಗಿಲಲ್ಲಿ ಒಂದು ದಪ್ಪ ನೋಟುಪುಸ್ತಕವನ್ನು ಇರಿಸೋಣ. ಎಡಪುಟದಲ್ಲಿ ಯಾರು ಬೇಕಾದರೂ ಪ್ರಶ್ನೆಯನ್ನು ಬರೆಯಲಿ. ಎಷ್ಟೇ ಹಾಸ್ಯಾಸ್ಪದವಾಗಿ ತೋರಿದರೂ ಬರೆಯಲಿ. ಬಲಪುಟದಲ್ಲಿ ಎರಡು ಗೆರೆಗಳನ್ನು ಎಳೆಯೋಣ: ಒಂದರಲ್ಲಿ ಯಾವ ಪುಸ್ತಕ, ಯಾವ ಶಾಸನ, ಯಾವ ಪತ್ರದಿಂದ ತಿಳಿಯಿತೆಂಬುದು, ಇನ್ನೊಂದರಲ್ಲಿ ಯಾವ ಊರಿನ ಯಾರು, ಯಾವ ದಿನ ಹೇಳಿದರೆಂಬುದು. ಎನ್.ಎಸ್.ಎಸ್. ಶಿಬಿರಕ್ಕೆ ಹಳ್ಳಿಗೆ ಹೋದವರು ರಸ್ತೆಗೆ ಮಣ್ಣು ಹಾಕುವುದರ ಜೊತೆಗೆ ಸಂಜೆ ಒಂದು ಗಂಟೆ ಅಜ್ಜ ಅಜ್ಜಿಯಂದಿರ ಬಳಿ ಕುಳಿತುಕೊಳ್ಳಲಿ. ಪ್ರತಿ ವರ್ಷ ಈ ವಾರ್ಷಿಕ ಸಂಚಿಕೆಯಲ್ಲಿ ಎರಡು ಪುಟಗಳನ್ನು ಅದಕ್ಕೆ ಬಿಟ್ಟುಕೊಟ್ಟರೆ ಹತ್ತು ವರ್ಷಗಳಲ್ಲಿ ಇಪ್ಪತ್ತು ಪುಟಗಳಾಗುತ್ತವೆ. ಇಪ್ಪತ್ತು ಪುಟ ಕಡಿಮೆಯೇ? ಬೊಮ್ಮನಿಗೆ ಸಿಕ್ಕಿದ್ದು ಒಂದೆರಡು ಸಾಲು! ಗುರುಜನರು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ.

ಕೊನೆಗೆ ಆ ಬಾಲಿಕೆಯ ವಿಷಯ. ಅವಳ ಬಹುಮಾನವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಅವಳೇ ತನ್ನ ಮೇಷ್ಟರಲ್ಲಿ ಹೋಗಿ ಆ ಕತೆ ಸುಳ್ಳೆಂದು ಹೇಳಿ ಬಂದಳು. ನಾನೂ ಜೊತೆಗೆ ಹೋಗಿದ್ದೆ. ಈಗ ಅವಳ ಬಳಿ ಒಂದು ನೋಟುಪುಸ್ತಕವಿದೆ. ಮೊನ್ನೆ ಭಾನುವಾರ ಅವಳು ಊರಿನ ಮುದುಕಿಯೊಬ್ಬರ ಜಗಲಿಯಲ್ಲಿ ಕುಳಿತು ಏನೋ ಬರೆದುಕೊಳ್ಳುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ನನ್ನ ಕಿವಿಗೆ "ಕಾಟಕಾಯಿ" ಎಂಬ ಶಬ್ದ ಬಿತ್ತು. ನಿಂತೆ. ಅವಳು ತಲೆಯೆತ್ತಿ, "ಅಣ್ಣ, ಸ್ವಲ್ಪ ನಿಲ್ಲಿ, ಇವರಿಗೆ ಇದನ್ನು ಯಾರು ಹೇಳಿದ್ದು ಅಂತ ಇನ್ನೂ ಕೇಳಲಿಲ್ಲ" ಎಂದಳು.

ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತುಕೊಂಡೆ. ನನ್ನ ಅಜ್ಜಿಯಲ್ಲಿ ನಾನು ಕೇಳದೆ ಹೋದ ಪ್ರಶ್ನೆಯನ್ನು ಅವಳು ಕೇಳಿದಳು.